ಉಣ್ಣಿ ಜ್ವರಕ್ಕೂ ಲಸಿಕೆ ಇದೆ, ಹೇಳಿದವರು ಯಾರು?



ಇವತ್ತು ರಾಜಕೀಯ ಬೇಡ. ಯಾರು ಯಾವ ಪಕ್ಷಕ್ಕೆ ಹಾರಿದರು, ಯಾರು ದೆಹಲಿಗೆ ಹೋಗಿ ಯಾರ ಮನೆಯ ಗೇಟಿನಲ್ಲಿ ಕಾದರು ಅನ್ನೋದನ್ನ ನಾಳೆ ನೋಡೋಣ. ಆ ಸುದ್ದಿ ಎಲ್ಲೂ ಓಡಿ ಹೋಗಲ್ಲ. ಇವತ್ತು ಒಂದು ಆಕಳಿನ ಕಥೆ ಹೇಳ್ತೀನಿ. ಆಕಳಿನ ಕಥೆ ಅಂದ ಕೂಡಲೇ ರಿಮೋಟ್ ಕೈಗೆ ತಗೋಬೇಡಿ. ಇದರಲ್ಲಿ ನಿಮ್ಮ ಮನೆಯ ಬೆಳಗಿನ ಚಹಾ ಇದೆ, ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಾಲಯಗಳಿವೆ. ಕೊನೆಗೆ ನನ್ನದೇ ಒಂದು ತಪ್ಪೂ ಇದೆ.

ದತ್ತ ಜಯಂತಿಯ ಹೊತ್ತಿಗೆ ಬೀದರ್ ಜಿಲ್ಲೆಯ ಮಾಣಿಕನಗರಕ್ಕೆ ಹೋಗಿದ್ದೆ. ಹುಮನಾಬಾದ್ ಪಕ್ಕದಲ್ಲೇ ಇದೆ. ಮಾಣಿಕಪ್ರಭುಗಳ ಸಂಸ್ಥಾನ, ಜಾತ್ರೆ, ಜನಸಾಗರ. ಕನ್ನಡ, ಮರಾಠಿ, ಉರ್ದು, ತೆಲುಗು, ನಾಲ್ಕೂ ಭಾಷೆ ಒಂದೇ ಚಹಾದಂಗಡಿಯಲ್ಲಿ ಕೇಳಿಸುವ ಊರು. ಕ್ಯಾಮೆರಾ ತಂಡ ಜಾತ್ರೆಯ ದೃಶ್ಯ ಹಿಡಿಯಲು ಹೋಗಿತ್ತು. ನಾನು ಸ್ವಲ್ಪ ಆಚೆ ಹೊಲದ ಕಡೆ ನಡೆದೆ. ಅಲ್ಲೊಂದು ಕೊಟ್ಟಿಗೆ. ಗೂಟ ಇದೆ, ಹಗ್ಗ ಇದೆ, ಗ್ವಾದಲಿ ಇದೆ. ದನ ಇಲ್ಲ. ಕೊಟ್ಟಿಗೆಯ ಮುಂದೆ ಅರವತ್ತು ದಾಟಿದ ಒಬ್ಬ ತಾಯಿ ತೊಗರಿ ಹಸನು ಮಾಡ್ತಾ ಕೂತಿದ್ದರು.

“ಅವ್ವಾ, ಆಕಳು ಮೇಯಾಕ ಹೋಗ್ಯಾವೇನ್ರಿ?” ಅಂದೆ.

ಅವರು ತಲೆ ಎತ್ತಿ ನೋಡಿದರು. “ಎಲ್ಲಿ ಆಕಳಪ್ಪಾ? ಜರ್ಸಿ ಆಕಳ ಇತ್ತು. ದಿನಕ್ಕ ಹನ್ನೆರಡ ಲೀಟರ್ ಹಿಂಡತಿತ್ತು. ಹ್ವಾದ ಮಿರಗದಾಗ ಸತ್ತ ಹೋಯ್ತು.”

“ಏನಾಗಿತ್ತವ್ವಾ?”

“ಉಣ್ಣಿ ಜ್ವರ ಅಂದ್ರು. ಡಾಕ್ಟರ್ ಬಂದಿದ್ರು, ಸೂಜಿ ಮಾಡಿದ್ರು. ಭಾಳ ತಡಾ ಆಗ್ಯಾದ ಅಂದ್ರು. ಸಂಘದಾಗಿಂದ ಸಾಲಾ ತಗೊಂಡು ತಂದಿದ್ದೆವು. ಆಕಳ ಹೋಯ್ತು, ಸಾಲಾ ಅದ.”

ಆಕಳ ಹೋಯ್ತು, ಸಾಲ ಇದೆ. ಇಷ್ಟೇ ಮಾತು. ಆ ತಾಯಿ ಅಳಲಿಲ್ಲ, ಸರ್ಕಾರವನ್ನು ಬೈಯಲಿಲ್ಲ, ನನ್ನಿಂದ ಏನೂ ಕೇಳಲೂ ಇಲ್ಲ. ಮತ್ತೆ ತೊಗರಿ ಹಸನು ಮಾಡಲು ಶುರು ಮಾಡಿದರು.

ಸಂಜೆ ಹುಮನಾಬಾದಿನಲ್ಲಿ ಪರಿಚಯದ ಪಶುವೈದ್ಯರೊಬ್ಬರು ಸಿಕ್ಕರು. ಈ ವಿಷಯ ಹೇಳಿದೆ. ಅವರು ಸಹಜವಾಗಿ ಹೇಳಿದ ಮಾತು ಕೇಳಿ ನಾನು ದಂಗಾದೆ. “ಅದಕ್ಕ ಲಸಿಕೆ ಅದ ಅಲ್ರೀ ಸರ್. ಇಲ್ಲೇ ಹೈದರಾಬಾದಿನಾಗ ತಯಾರಾಗ್ತದ.”

ಮರುದಿನ ಬೆಳಿಗ್ಗೆ ಮತ್ತೆ ಆ ತಾಯಿಯ ಮನೆಗೆ ಹೋದೆ. ಹೇಳಬೇಕೋ ಬೇಡವೋ ಅಂತ ಮನಸ್ಸು ಹೊಯ್ದಾಡಿತು. ಸತ್ತ ಆಕಳಿಗೆ ಲಸಿಕೆ ಇತ್ತು ಅಂತ ಹೇಳಿ ಯಾವ ಪುಣ್ಯ ಕಟ್ಟಿಕೊಳ್ಳಲಿ? ಆದರೂ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. “ನಾ ದಿನಾ ರಾತ್ರಿ ನಿಮ್ಮ ಟೀವಿ ನೋಡ್ತೀನಪ್ಪಾ. ಮತ್ತ ನೀವರ ಯಾಕ ಹೇಳಿಲ್ಲ?”

ವೀಕ್ಷಕರೇ, ದಿನಾ ಈ ಕುರ್ಚಿಯಲ್ಲಿ ಕೂತು ಪ್ರಶ್ನೆ ಕೇಳುವವನು ನಾನು. ಉತ್ತರ ಕೊಡಿ, ಉತ್ತರ ಕೊಡಿ ಅಂತ ಮಂತ್ರಿಗಳ ಬೆನ್ನು ಹತ್ತಿದ್ದೇನೆ. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದಾಗ ಎಷ್ಟು ಕಾರ್ಯಕ್ರಮ ಮಾಡಿದ್ದೇವೆ ನೆನಪಿದೆಯಾ? ಮೈ ತುಂಬಾ ಗಂಟೆದ್ದ ದನಗಳ ದೃಶ್ಯ ಪರದೆ ಮೇಲೆ ಹಾಕಿದ್ದೇ ಹಾಕಿದ್ದು. ಅದು ಕಣ್ಣಿಗೆ ಕಾಣುವ ರೋಗ. ಉಣ್ಣಿ ಜ್ವರ ಹಾಗಲ್ಲ. ಒಂದೊಂದೇ ಕೊಟ್ಟಿಗೆಯಲ್ಲಿ, ಒಂದೊಂದೇ ಆಕಳನ್ನು ಸದ್ದಿಲ್ಲದೆ ಕೊಲ್ಲುತ್ತದೆ. ಸದ್ದಿಲ್ಲದ ಸಾವು ನಮ್ಮ ಕ್ಯಾಮೆರಾಕ್ಕೆ ಕಾಣೋದಿಲ್ಲ. ಆದ್ದರಿಂದ ಇವತ್ತಿನ ಈ ಅರ್ಧ ಗಂಟೆ ಆ ತಾಯಿಗೆ ನಾನು ಕೊಡುತ್ತಿರುವ ತಡವಾದ ಉತ್ತರ.

ಮೊದಲು ರೋಗ ಏನು ಅಂತ ತಿಳ್ಕೊಳ್ಳೋಣ. ಪಶುವೈದ್ಯರ ಭಾಷೆಯಲ್ಲಿ ಇದು ಥೈಲೇರಿಯೋಸಿಸ್. ತರುವುದು ಥೈಲೇರಿಯಾ ಆನ್ಯುಲಾಟಾ ಎಂಬ ಪರಾವಲಂಬಿ ಜೀವಿ. ಇದು ವೈರಸ್ ಅಲ್ಲ, ಬ್ಯಾಕ್ಟೀರಿಯಾ ಅಲ್ಲ. ಮಲೇರಿಯಾ ತರುವ ಜೀವಿಯ ದೂರದ ದಾಯಾದಿ. ಮಲೇರಿಯಾಕ್ಕೆ ಸೊಳ್ಳೆ ಹೇಗೋ ಇದಕ್ಕೆ ಉಣ್ಣಿ ಹಾಗೆ. ಹಯಲೋಮಾ ಜಾತಿಯ ಉಣ್ಣಿಗಳು ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲಿ, ಕಲ್ಲಿನ ಸಂದಿಯಲ್ಲಿ ಅಡಗಿರುತ್ತವೆ. ಬಿಸಿಲು ಏರಿದಾಗ, ಮಳೆಗಾಲ ಶುರುವಾದಾಗ ಹೊರಗೆ ಬಂದು ದನದ ಮೈಗೆ ಹತ್ತುತ್ತವೆ. ಕೆಚ್ಚಲಿಗೇ ಅಂಟಿಕೊಂಡಿದ್ದರೂ ಹಾಲು ಬಿಟ್ಟು ರಕ್ತ ಕುಡಿಯುವ ಹುಳು ಅಂತ ನಮ್ಮ ಹಿರಿಯರು ಉಣ್ಣಿಯನ್ನು ಆಡಿಕೊಳ್ಳುತ್ತಿದ್ದರು. ಅದು ರಕ್ತ ಕುಡಿದು ಸುಮ್ಮನೆ ಹೋಗಿದ್ದರೆ ಚಿಂತೆ ಇರಲಿಲ್ಲ. ಕುಡಿಯುವಾಗ ತನ್ನ ಎಂಜಲಿನ ಜೊತೆ ಈ ಜೀವಿಯನ್ನು ಒಳಗೆ ಬಿಡುತ್ತದೆ.

ಒಳಗೆ ಹೋದ ಜೀವಿ ಏನು ಮಾಡುತ್ತದೆ ಗೊತ್ತಾ? ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿ. ಕಳ್ಳ ಊರಿಗೆ ಬಂದರೆ ಎಲ್ಲಿ ಅಡಗುತ್ತಾನೆ? ಪಾಳು ಮನೆಯಲ್ಲಿ, ಕಬ್ಬಿನ ಗದ್ದೆಯಲ್ಲಿ. ಈ ಕಳ್ಳ ಹಾಗಲ್ಲ. ನೇರವಾಗಿ ಪೊಲೀಸ್ ಠಾಣೆಗೇ ಹೋಗಿ ಕೂರುತ್ತಾನೆ. ನಮ್ಮ ದೇಹದಲ್ಲಿರುವಂತೆ ಆಕಳ ದೇಹದಲ್ಲೂ ಬಿಳಿ ರಕ್ತಕಣಗಳಿವೆ. ಹೊರಗಿನಿಂದ ಬಂದ ರೋಗಾಣುಗಳನ್ನು ಹಿಡಿದು ನುಂಗುವ ಮ್ಯಾಕ್ರೋಫೇಜ್ ಅನ್ನೋ ಕೋಶಗಳಿವೆ. ಅವು ದೇಹದ ಪೊಲೀಸರು. ಥೈಲೇರಿಯಾ ನುಗ್ಗುವುದು ಆ ಪೊಲೀಸ್ ಕೋಶಗಳ ಒಳಗೇ.

ನುಗ್ಗಿ ಸುಮ್ಮನೆ ಕೂರೋದಿಲ್ಲ. ಆ ಕೋಶಕ್ಕೆ ‘ನೀನು ಒಡೆದು ಎರಡಾಗು, ಮತ್ತೆ ಎರಡಾಗು’ ಅಂತ ಆಜ್ಞೆ ಕೊಡುತ್ತದೆ. ಕೋಶ ಎರಡಾಗುವಾಗ ತಾನೂ ಅದರ ಜೊತೆ ಹಂಚಿಕೊಂಡು ಎರಡೂ ಕಡೆ ಸೇರಿಕೊಳ್ಳುತ್ತದೆ. ಕ್ಯಾನ್ಸರ್ ಕೋಶ ಬೆಳೆಯುತ್ತಲ್ಲ, ಥೇಟ್ ಹಾಗೆ. ಜಗತ್ತಿನ ಕ್ಯಾನ್ಸರ್ ಸಂಶೋಧಕರಿಗೂ ಈ ಜೀವಿಯ ಮೇಲೆ ಕುತೂಹಲ ಇರುವುದು ಇದಕ್ಕೇ. ಯಾಕಂದರೆ ಔಷಧಿ ಕೊಟ್ಟು ಪರಾವಲಂಬಿಯನ್ನು ಕೊಂದರೆ ಕೋಶದ ಹುಚ್ಚು ಬೆಳವಣಿಗೆಯೂ ನಿಂತುಬಿಡುತ್ತದೆ. ಆಕಳ ಹೆಗಲಿನ ಮುಂದಿನ ಗಡ್ಡೆ ಊದಿಕೊಳ್ಳುತ್ತದಲ್ಲ, ಅದು ಈ ಕೋಶಗಳು ಗುಂಪುಗಟ್ಟಿದ ಜಾಗ. ಆಮೇಲೆ 104, 105, 106 ಡಿಗ್ರಿ ಜ್ವರ. ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಮುಂದಿನ ಹಂತದಲ್ಲಿ ಪರಾವಲಂಬಿ ಕೆಂಪು ರಕ್ತಕಣಗಳಿಗೂ ಸೇರಿ ರಕ್ತ ಬತ್ತುತ್ತದೆ. ಕಣ್ಣಿನ ಒಳರೆಪ್ಪೆ ಬೆಳ್ಳಗಾಗುತ್ತದೆ, ಕೆಲವೊಮ್ಮೆ ಹಳದಿಯಾಗುತ್ತದೆ. ಅಷ್ಟೊತ್ತಿಗೆ ಡಾಕ್ಟರ್ ಬಂದರೆ ‘ಭಾಳ ತಡಾ ಆಗ್ಯಾದ’ ಅನ್ನದೆ ಇನ್ನೇನು ಅಂತಾರೆ?

ಔಷಧಿ ಇಲ್ಲವಾ? ಇದೆ. ಬುಪಾರ್ವಾಕ್ವೋನ್ ಅನ್ನೋ ಸೂಜಿ. ಜ್ವರ ಬಂದ ಮೊದಲ ದಿನಗಳಲ್ಲೇ ಸಿಕ್ಕರೆ ಪ್ರಾಣ ಉಳಿಸುತ್ತದೆ. ಆದರೆ ಅದು ಅಗ್ಗದ್ದಲ್ಲ, ಪ್ರತಿ ಹಳ್ಳಿಯಲ್ಲಿ ಆ ಕ್ಷಣಕ್ಕೆ ಸಿಗೋದೂ ಇಲ್ಲ. ಮೇಲಾಗಿ ಇರಾನ್, ಟ್ಯುನೀಷಿಯಾದಂಥ ದೇಶಗಳಲ್ಲಿ ಈ ಔಷಧಿಗೆ ಬಗ್ಗದ ಥೈಲೇರಿಯಾ ಈಗಾಗಲೇ ಕಾಣಿಸಿಕೊಂಡಿದೆ. ಒಂದೇ ಔಷಧಿಯನ್ನು ನಂಬಿ ಎಷ್ಟು ದಿನ ಕೂರುವುದು? ಹಾಗಾಗಿಯೇ ಲಸಿಕೆಯ ಮಾತು ಬರುವುದು.

ಈಗ ಒಂದು ಪ್ರಶ್ನೆ. ಪೋಲಿಯೊಗೆ ಲಸಿಕೆ ಬಂತು, ದಡಾರಕ್ಕೆ ಬಂತು, ಕೊರೊನಾಗಂತೂ ಒಂದೇ ವರ್ಷದಲ್ಲಿ ಬಂತು. ಪರಾವಲಂಬಿ ರೋಗಗಳಿಗೆ ಯಾಕೆ ಇಷ್ಟು ತಡ? ಮಲೇರಿಯಾ ಸೊಳ್ಳೆಯಿಂದ ಬರುತ್ತೆ ಅನ್ನೋ ಸುಳಿವು ರೊನಾಲ್ಡ್ ರಾಸ್‌ಗೆ ಸಿಕ್ಕಿದ್ದು 1897ರ ಆಗಸ್ಟ್ 20ರಂದು. ಎಲ್ಲಿ? ನಮ್ಮ ಪಕ್ಕದ ಸಿಕಂದರಾಬಾದಿನಲ್ಲಿ. ಮಲೇರಿಯಾದ ಮೊದಲ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 2021ರ ಅಕ್ಟೋಬರ್ 6ರಂದು. ಲೆಕ್ಕ ಹಾಕಿ, 124 ವರ್ಷ! ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳನ್ನು ಕಾಡಿದ ಆನೆಕಾಲು ರೋಗವೂ ಪರಾವಲಂಬಿಯದ್ದೇ. ಅದಕ್ಕೆ ಇವತ್ತಿಗೂ ಲಸಿಕೆ ಇಲ್ಲ. ಆರೋಗ್ಯ ಇಲಾಖೆಯವರು ಮನೆ ಬಾಗಿಲಿಗೆ ಬಂದು ಕೊಡುವ ಮಾತ್ರೆಯೇ ಗತಿ. ಅದನ್ನೂ ನಾವು ನುಂಗಿದ ಹಾಗೆ ಮಾಡಿ ಸೆರಗಿನಲ್ಲಿ, ಜೇಬಿನಲ್ಲಿ ಅಡಗಿಸಿಕೊಳ್ಳುತ್ತೇವೆ. ಇರಲಿ, ಅದು ಇನ್ನೊಂದು ದಿನದ ಮಾತು.

ತಡ ಯಾಕೆ ಅಂದರೆ ಶತ್ರು ದೊಡ್ಡವನು. ಕೊರೊನಾ ವೈರಸ್ ತಯಾರಿಸುವ ಪ್ರೋಟೀನುಗಳು ಮೂವತ್ತರ ಆಸುಪಾಸು. ಥೈಲೇರಿಯಾದಲ್ಲಿ ಸುಮಾರು 3,800 ಜೀನುಗಳಿವೆ. 2005ರಲ್ಲಿ ಅದರ ಪೂರ್ತಿ ಜೀನ್ ನಕ್ಷೆ ಪ್ರಕಟವಾದಾಗ ಗೊತ್ತಾದ ಲೆಕ್ಕ ಇದು. ಮಲೇರಿಯಾ ಜೀವಿಯಲ್ಲಿ ಐದು ಸಾವಿರಕ್ಕೂ ಹೆಚ್ಚು. ಅಂದರೆ ವೈರಸ್ ಒಂದು ಅಂಗಿ ಹಾಕಿಕೊಂಡು ಬರುವ ಕಳ್ಳನಾದರೆ ಪರಾವಲಂಬಿ ಪೆಟ್ಟಿಗೆ ತುಂಬಾ ವೇಷ ಹೊತ್ತು ತರುವ ಬಹುರೂಪಿ. ಉಣ್ಣಿಯಲ್ಲಿ ಒಂದು ವೇಷ, ಬಿಳಿ ಕಣದಲ್ಲಿ ಇನ್ನೊಂದು, ಕೆಂಪು ಕಣದಲ್ಲಿ ಮತ್ತೊಂದು. ಯಾವ ವೇಷದ ಫೋಟೊ ತೋರಿಸಿ ದೇಹಕ್ಕೆ ‘ಇವನನ್ನು ಹಿಡಿ’ ಅಂತ ಹೇಳೋದು?

ಎರಡನೆಯ ತೊಡಕು ಇನ್ನೂ ದೊಡ್ಡದು. ನಮಗೆ ಗೊತ್ತಿರುವ ಬಹುತೇಕ ಲಸಿಕೆಗಳು ದೇಹದಲ್ಲಿ ಪ್ರತಿಕಾಯಗಳನ್ನು ಹುಟ್ಟಿಸುತ್ತವೆ. ಪ್ರತಿಕಾಯ ಅಂದರೆ ಬೀದಿ ಗಸ್ತು ತಿರುಗುವ ಪೇದೆ. ರಕ್ತದಲ್ಲಿ ಓಡಾಡುವ ಶತ್ರುವನ್ನು ಹಿಡಿಯುತ್ತದೆ. ಆದರೆ ಶತ್ರು ಠಾಣೆಯ ಒಳಗೆ, ಅಂದರೆ ಕೋಶದ ಒಳಗೆ ಕೂತಿದ್ದಾನಲ್ಲ? ಬೀದಿಯಲ್ಲಿ ಗಸ್ತು ತಿರುಗುವವನಿಗೆ ಅವನು ಹೇಗೆ ಸಿಗುತ್ತಾನೆ?

ಇಲ್ಲಿ ಬೇಕಾಗೋದು ಬೇರೆ ಪಡೆ. ಅದೇ ಟಿ ಕೋಶಗಳು. ದೇಹದ ಬಹುತೇಕ ಪ್ರತಿ ಕೋಶವೂ ತನ್ನೊಳಗೆ ಏನು ನಡೀತಿದೆ ಅನ್ನೋದರ ಚೂರುಪಾರು ನಮೂನೆಯನ್ನು ಹೊರಗೆ ತೋರಿಸುತ್ತಿರುತ್ತದೆ. ಕಿಟಕಿಯಲ್ಲಿ ಬಟ್ಟೆ ಒಣಹಾಕಿದ ಹಾಗೆ ಅಂದುಕೊಳ್ಳಿ. ಮನೆಯೊಳಗೆ ಅಪರಿಚಿತ ಸೇರಿದ್ದರೆ ಅವನ ಅಂಗಿಯೂ ಕಿಟಕಿಯಲ್ಲಿ ಕಾಣುತ್ತದೆ. ಟಿ ಕೋಶ ಆ ಕಿಟಕಿ ನೋಡುತ್ತಾ ಹೋಗುತ್ತದೆ. ಬೇರೆಯವರ ಅಂಗಿ ಕಂಡರೆ ಇಡೀ ಕೋಶವನ್ನೇ ನಾಶ ಮಾಡುತ್ತದೆ. ಒಳಗಿದ್ದ ಪರಾವಲಂಬಿಯೂ ಅದರ ಜೊತೆ ಹೋಗುತ್ತದೆ. ಇನ್ನೊಂದು ಬಗೆಯ ಟಿ ಕೋಶಗಳಿವೆ. ಅವು ತಾವೇ ಕೊಲ್ಲುವುದಿಲ್ಲ, ಉಳಿದ ಆರೋಗ್ಯವಂತ ಮ್ಯಾಕ್ರೋಫೇಜ್‌ಗಳನ್ನು ಹುರಿದುಂಬಿಸುತ್ತವೆ. ಥೈಲೇರಿಯಾದಿಂದ ಬದುಕಿ ಉಳಿದ ದನಗಳನ್ನು ವಿಜ್ಞಾನಿಗಳು ಪರೀಕ್ಷಿಸಿದಾಗ ಅವನ್ನು ಉಳಿಸಿದ್ದರಲ್ಲಿ ಈ ಕೋಶಗಳ ಪಾತ್ರವೇ ದೊಡ್ಡದು ಅಂತ ಕಂಡುಬಂತು. ಹಾಗಾದರೆ ಲಸಿಕೆ ಮಾಡಬೇಕಾದ ಕೆಲಸ ಸ್ಪಷ್ಟವಾಯಿತು. ರೋಗ ಬರುವ ಮೊದಲೇ ಟಿ ಕೋಶಗಳಿಗೆ ಆ ಅಂಗಿಯ ಗುರುತು ತೋರಿಸಬೇಕು.

ತೋರಿಸಿದ್ದು ಹೇಗೆ? ಸೋಂಕು ತಗುಲಿದ ಬಿಳಿ ಕೋಶಗಳನ್ನು ಆಕಳ ದೇಹದಿಂದ ತೆಗೆದು ಪ್ರಯೋಗಾಲಯದ ಬಾಟಲಿಯಲ್ಲಿ ಬೆಳೆಸಿದರು. ಬೆಳೆದದ್ದನ್ನು ಇನ್ನೊಂದು ಬಾಟಲಿಗೆ, ಅಲ್ಲಿಂದ ಮತ್ತೊಂದಕ್ಕೆ. ಹೀಗೆ ನೂರಾರು ಸಲ. ಬಾಟಲಿಯ ಸುಖಜೀವನಕ್ಕೆ ಒಗ್ಗಿದ ಪರಾವಲಂಬಿ ನಿಧಾನಕ್ಕೆ ತನ್ನ ಕ್ರೌರ್ಯ ಕಳೆದುಕೊಂಡಿತು. ಗರಡಿ ಬಿಟ್ಟ ಪೈಲ್ವಾನನ ಹಾಗೆ. ರೂಪ ಅದೇ, ಪಟ್ಟು ಇಲ್ಲ. ಆ ಕೋಶಗಳನ್ನೇ ಕರುವಿನ ಚರ್ಮದ ಕೆಳಗೆ ಚುಚ್ಚಿದರೆ ದೊಡ್ಡ ರೋಗ ಬರಲ್ಲ. ಆದರೆ ಟಿ ಕೋಶಗಳು ಶತ್ರುವಿನ ಗುರುತು ಹಿಡಿದು ನೆನಪಿಟ್ಟುಕೊಳ್ಳುತ್ತವೆ. ನಾಳೆ ನಿಜವಾದ ಉಣ್ಣಿ ಕಚ್ಚಿದಾಗ ಪಡೆ ಸಿದ್ಧವಾಗಿರುತ್ತದೆ.

ಇಲ್ಲೊಂದು ಸ್ವಾರಸ್ಯ ಹೇಳಬೇಕು. ಥೈಲೇರಿಯಾ ಅನ್ನೋ ಹೆಸರು ಬಂದದ್ದು ದಕ್ಷಿಣ ಆಫ್ರಿಕದಲ್ಲಿ ದುಡಿದ ಪಶುವೈದ್ಯ ಆರ್ನಾಲ್ಡ್ ಥೈಲರ್ ಅವರಿಂದ. ಅವರ ಮಗ ಮ್ಯಾಕ್ಸ್ ಥೈಲರ್ ಹಳದಿ ಜ್ವರಕ್ಕೆ ಲಸಿಕೆ ಕಂಡುಹಿಡಿದು 1951ರಲ್ಲಿ ನೊಬೆಲ್ ಪಡೆದರು. ಮಗ ಮಾಡಿದ್ದೂ ಇದನ್ನೇ. ವೈರಸ್ಸನ್ನು ನೂರಾರು ಸಲ ಬೆಳೆಸಿ ಬೆಳೆಸಿ ಪಳಗಿಸಿದ್ದು. ತಂದೆಯ ಹೆಸರು ಹೊತ್ತ ಜೀವಿಯನ್ನು ಕೊನೆಗೆ ಬಗ್ಗಿಸಿದ್ದು ಮಗ ನಡೆದಂಥ ದಾರಿಯೇ!

ಇನ್ನು ಮಾಣಿಕನಗರಕ್ಕೆ ವಾಪಸ್ ಬರೋಣ. ಹುಮನಾಬಾದ್ ಎಲ್ಲಿದೆ? ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲೆ. ಈ ಹೆದ್ದಾರಿಯ ಎರಡು ತುದಿ ನೋಡಿ. ಒಂದು ತುದಿಯಲ್ಲಿ ಪುಣೆ. ಅಲ್ಲಿ ಸೀರಂ ಇನ್‌ಸ್ಟಿಟ್ಯೂಟ್. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ರೂಪಿಸಿದ ಆರ್21 ಅನ್ನೋ ಮಲೇರಿಯಾ ಲಸಿಕೆ ತಯಾರಾಗೋದು ಅಲ್ಲೇ. 2023ರ ಅಕ್ಟೋಬರ್‌ನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಸಿಕ್ಕಿತು. ಇನ್ನೊಂದು ತುದಿಯಲ್ಲಿ ಹೈದರಾಬಾದ್. ಮೊದಲ ಮಲೇರಿಯಾ ಲಸಿಕೆಯ ತಂತ್ರಜ್ಞಾನ ಪಡೆಯಲು 2021ರಲ್ಲಿ ಒಪ್ಪಂದ ಮಾಡಿಕೊಂಡ ಭಾರತ್ ಬಯೋಟೆಕ್ ಅಲ್ಲಿದೆ. ಅದೇ ಊರಿನಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹುಟ್ಟುಹಾಕಿದ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಇದೆ. ನಮ್ಮ ಉಣ್ಣಿ ಜ್ವರದ ಲಸಿಕೆ, ‘ರಕ್ಷಾವ್ಯಾಕ್-ಟಿ’, ಅವರದ್ದು.

ಜಗತ್ತಿನಲ್ಲಿ ಮನುಷ್ಯರ ಪರಾವಲಂಬಿ ರೋಗಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಲಸಿಕೆ ಎರಡೇ ಎರಡು, ಎರಡೂ ಮಲೇರಿಯಾದ್ದು. ಆ ಎರಡರ ಜೊತೆಗೂ ನಂಟಿರುವ ಊರುಗಳು ಈ ರಸ್ತೆಯ ಎರಡು ತುದಿಯಲ್ಲಿವೆ. ದನದ ಪರಾವಲಂಬಿ ಲಸಿಕೆಯೂ ಇದೇ ರಸ್ತೆಯಲ್ಲಿ ಇನ್ನೂರು ಕಿಲೋಮೀಟರ್ ಒಳಗೆ ತಯಾರಾಗುತ್ತದೆ. ರಸ್ತೆಯ ಮಧ್ಯದಲ್ಲಿ, ಲಾರಿಗಳ ಧೂಳು ಬೀಳುವಷ್ಟು ಹತ್ತಿರದಲ್ಲಿ, ಆ ತಾಯಿಯ ಖಾಲಿ ಕೊಟ್ಟಿಗೆ. ವಿಜ್ಞಾನ ಈ ದಾರಿಯಲ್ಲಿ ದಿನಾ ಓಡಾಡುತ್ತಿದೆ ವೀಕ್ಷಕರೇ, ಹುಮನಾಬಾದಿನಲ್ಲಿ ಇಳಿಯುತ್ತಿಲ್ಲ, ಅಷ್ಟೇ.

ಯಾಕೆ ಇಳಿಯುತ್ತಿಲ್ಲ? ಯಾರನ್ನಾದರೂ ವಿಲನ್ ಮಾಡಿ ಕಾರ್ಯಕ್ರಮ ಮುಗಿಸುವುದು ನನಗೆ ಸುಲಭ. ಆದರೆ ಕಾರಣ ಅಷ್ಟು ಸರಳವಿಲ್ಲ. ಈ ಲಸಿಕೆಯಲ್ಲಿರುವುದು ಜೀವಂತ ಕೋಶಗಳು. ಮಾಮೂಲಿ ಫ್ರಿಜ್ಜಿನಲ್ಲಿಟ್ಟರೆ ಬದುಕಲ್ಲ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡಬೇಕು. ಹೊರಗೆ ತೆಗೆದ ಮೇಲೆ ಬೇಗ ಚುಚ್ಚಿ ಮುಗಿಸಬೇಕು. ಒಂದು ಸೀಸೆ ಒಡೆದರೆ ಹಲವು ದನಗಳಿಗಾಗುತ್ತದೆ. ಒಂದೇ ಆಕಳಿಗೆ ಅಂತ ತೆಗೆದರೆ ಉಳಿದದ್ದು ವ್ಯರ್ಥ. ‘ಹಳ್ಳಿಗೆ ಇದನ್ನೆಲ್ಲ ಹೇಗೆ ಒಯ್ಯೋದು?’ ಅನ್ನೋ ಪ್ರಶ್ನೆಗೆ ಅರ್ಥ ಇದೆ.

ಆದರೆ ಆ ಪಶುವೈದ್ಯರು ಇನ್ನೊಂದು ಮಾತು ಹೇಳಿದರು. ಅದು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಅವರ ಆಸ್ಪತ್ರೆಯ ಮೂಲೆಯಲ್ಲಿ ಹಾಲಿನ ಕ್ಯಾನಿನ ಹಾಗೆ ಒಂದು ಡಬ್ಬಿ ಇತ್ತು. ಮುಚ್ಚಳ ತೆಗೆದರೆ ಬಿಳಿ ಹೊಗೆ. “ಇದು ಏನ್ ಅದ ಗೊತ್ತದೇನ್ರಿ ಸರ್? ದ್ರವ ಸಾರಜನಕ. ಕೃತಕ ಗರ್ಭಧಾರಣೆಗೆ ಹೋರಿಯ ವೀರ್ಯದ ಕಡ್ಡಿ ಇದರಾಗೇ ಇಡ್ತೀವಿ. ಊರೂರಿಗಿ ಒಯ್ತೀವಿ.”

ನೋಡಿ, ಎಂಥ ಮಾತು! ಮಿಶ್ರತಳಿ ಕರು ಹುಟ್ಟಿಸಲು ದ್ರವ ಸಾರಜನಕ ಹಳ್ಳಿಗೆ ಹೋಗುತ್ತದೆ. ಸ್ಕೂಟರ್ ಮೇಲೆ ಹೋಗುತ್ತದೆ, ಕಚ್ಚಾ ರಸ್ತೆಯಲ್ಲಿ ಹೋಗುತ್ತದೆ, ಮಳೆಯಲ್ಲೂ ಹೋಗುತ್ತದೆ. ಹುಟ್ಟಿದ ಕರುವನ್ನು ಉಳಿಸುವ ಲಸಿಕೆ ಮಾತ್ರ ‘ದ್ರವ ಸಾರಜನಕ ಬೇಕು, ಕಷ್ಟ’ ಅಂತ ನಿಲ್ಲುತ್ತದೆ. ಹುಟ್ಟಿಸಲು ಇರುವ ದಾರಿ ಉಳಿಸಲು ಯಾಕಿಲ್ಲ?

ಈ ಪ್ರಶ್ನೆ ಯಾಕೆ ಮುಖ್ಯ ಅಂದರೆ ಈ ರೋಗಕ್ಕೆ ಹೆಚ್ಚು ಬಲಿಯಾಗೋದು ಅದೇ ಮಿಶ್ರತಳಿ ಮತ್ತು ವಿದೇಶಿ ತಳಿಯ ದನಗಳು. ನಮ್ಮ ನಾಡ ದನಗಳು ಸಾವಿರಾರು ವರ್ಷ ಉಣ್ಣಿಯ ಜೊತೆ ಬದುಕಿ ಗಟ್ಟಿಯಾಗಿವೆ. ಸ್ಕಾಟ್ಲೆಂಡಿನ ಎಡಿನ್‌ಬರೊ ಬಳಿಯ ರೋಸ್ಲಿನ್ ಸಂಸ್ಥೆಯ ವಿಜ್ಞಾನಿಗಳು ನಮ್ಮ ಸಾಹಿವಾಲ್ ತಳಿಯ ಕರುಗಳಿಗೂ ಹೋಲ್‌ಸ್ಟೀನ್ ಕರುಗಳಿಗೂ ಇದೇ ಸೋಂಕು ಕೊಟ್ಟು ನೋಡಿದರು. 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಹಿವಾಲ್ ಕರುಗಳಿಗೆ ಜ್ವರ ಕಡಿಮೆ, ಅವು ತಡೆದುಕೊಂಡವು. ಬೀದರ್ ಸೀಮೆಯ ಹೆಮ್ಮೆ ದೇವಣಿ ತಳಿ. ಭಾಲ್ಕಿ ತಾಲೂಕಿನ ಕಟ್ಟಿತೂಗಾಂವಿನಲ್ಲಿ ಅದಕ್ಕೇ ಮೀಸಲಾದ ಕೇಂದ್ರ ಇದೆ. ಅದೂ ಈ ಬಿಸಿಲಿನ, ಈ ಉಣ್ಣಿಯ ನಡುವೆಯೇ ಬೆಳೆದ ದನ.

ಹಾಗಂತ ‘ಎಲ್ಲರೂ ದೇವಣಿ ಸಾಕಿ, ಜರ್ಸಿ ಬಿಡಿ’ ಅಂತ ಸ್ಟುಡಿಯೊದಲ್ಲಿ ಕೂತು ಉಪದೇಶ ಕೊಡೋದು ಸರಿಯಲ್ಲ. ದಿನಕ್ಕೆ ಹನ್ನೆರಡು ಲೀಟರ್ ಹಿಂಡಿ ಡೈರಿಗೆ ಹಾಕಿದರೆ ಮಾತ್ರ ಆ ತಾಯಿಯ ಸಾಲದ ಕಂತು ತೀರುತ್ತದೆ. ಹೆಚ್ಚು ಹಾಲಿನ ಆಕಳು ಕಟ್ಟಿ ಅಂತ ಹೇಳಿದವರೂ ನಾವೇ. ಸರ್ಕಾರ ಹೇಳಿತು, ಬ್ಯಾಂಕು ಹೇಳಿತು, ಟೀವಿಯಲ್ಲಿ ನಾನೂ ಹೇಳಿದ್ದೇನೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ವಿದೇಶಿ ಮತ್ತು ಮಿಶ್ರತಳಿ ದನಗಳು ಐದು ಕೋಟಿಗೂ ಹೆಚ್ಚು. ಐದು ಕೋಟಿ ಗೂಟ, ಐದು ಕೋಟಿ ಹಗ್ಗ, ಅದರ ಹಿಂದೆ ಎಷ್ಟೋ ಕೋಟಿ ಜನರ ಹೊಟ್ಟೆಪಾಡು. ಹೆಚ್ಚು ಹಾಲಿನ ಆಕಳು ಕೊಡಿಸಿದವರು ಅದಕ್ಕೆ ತಗಲುವ ರೋಗದ ರಕ್ಷಣೆಯನ್ನೂ ಕೊಡಬೇಕಲ್ಲವಾ?

2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಾಲುಬಾಯಿ ಜ್ವರ ಮತ್ತು ಬ್ರುಸೆಲ್ಲೋಸಿಸ್ ತಡೆಯಲು ದೇಶವ್ಯಾಪಿ ಲಸಿಕೆ ಯೋಜನೆ ಶುರು ಮಾಡಿತು. ಒಳ್ಳೆಯ ಕೆಲಸ. ಲಸಿಕೆ ಹಾಕುವವರು ಮನೆ ಮನೆಗೆ ಬರುತ್ತಾರೆ. ಹಾಗೆಯೇ ಉಣ್ಣಿ ಕಾಟ ಹೆಚ್ಚಿರುವ, ಮಿಶ್ರತಳಿ ಹೆಚ್ಚಿರುವ ತಾಲೂಕುಗಳನ್ನು ಆರಿಸಿಕೊಂಡು ಬೇಸಿಗೆಗೆ ಮುಂಚೆ ಈ ಲಸಿಕೆಗೂ ಒಂದು ದಿನ ಗೊತ್ತು ಮಾಡಬಾರದೇಕೆ? ಪೋಲಿಯೊ ಭಾನುವಾರ ಮಾಡಲಿಲ್ಲವಾ ನಾವು? ದಿನ ಗೊತ್ತಿದ್ದರೆ ಹತ್ತು ಮನೆಯ ಕರುಗಳು ಹಾಲಿನ ಡೈರಿ ಮುಂದೆ ಒಟ್ಟಿಗೆ ಬರುತ್ತವೆ. ಒಡೆದ ಸೀಸೆ ವ್ಯರ್ಥವಾಗಲ್ಲ. ವೀರ್ಯದ ಕಡ್ಡಿ ಬಂದ ಡಬ್ಬಿಯ ಜೊತೆಗೇ ಲಸಿಕೆಯ ಡಬ್ಬಿಯೂ ಬರಲಿ. ಬೀದರಿನಲ್ಲೇ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ. ತಜ್ಞರನ್ನು ಹುಡುಕಿಕೊಂಡು ಬೆಂಗಳೂರಿಗೆ ಬರಬೇಕಾಗಿಲ್ಲ. ಡಬ್ಬಿ ಇದೆ, ಜನ ಇದ್ದಾರೆ, ಲಸಿಕೆ ಇದೆ, ರಸ್ತೆಯೂ ಇದೆ. ಇಲ್ಲದ್ದು ಇವನ್ನೆಲ್ಲ ಒಂದು ಕಡೆ ಸೇರಿಸುವ ಮನಸ್ಸು.

ಈಗ ರೈತ ಬಂಧುಗಳಿಗೆ ನೇರವಾಗಿ ನಾಲ್ಕು ಮಾತು.

ಮೊದಲನೆಯದು, ಈ ಲಸಿಕೆ ಎಲ್ಲ ಕಾಲದಲ್ಲೂ ಎಲ್ಲ ದನಕ್ಕೂ ಅಲ್ಲ. ಎರಡು–ಮೂರು ತಿಂಗಳು ದಾಟಿದ ಮಿಶ್ರತಳಿ ಕರುಗಳಿಗೆ ಹಾಕಿಸಬಹುದು. ಗಬ್ಬದ ಆಕಳಿಗೆ ಹಾಕಿಸಬಾರದು. ಯಾವ ದನಕ್ಕೆ, ಯಾವಾಗ, ಮತ್ತೆ ಎಷ್ಟು ವರ್ಷಕ್ಕೆ ಅನ್ನೋದನ್ನ ನಿಮ್ಮ ಪಶುವೈದ್ಯರೇ ಹೇಳಬೇಕು, ನಾನಲ್ಲ.

ಎರಡನೆಯದು, ಇದು ಉಣ್ಣಿಯನ್ನು ಓಡಿಸುವ ಲಸಿಕೆಯಲ್ಲ. ಉಣ್ಣಿಯಿಂದ ಬರುವ ಬೇರೆ ರೋಗಗಳಿಗೂ ಅಲ್ಲ. ಲಸಿಕೆ ಹಾಕಿಸಿದರೂ ಕೊಟ್ಟಿಗೆಯ ಗೋಡೆಯ ಬಿರುಕು ಮುಚ್ಚಿ, ಸುಣ್ಣ ಬಳಿಯಿರಿ. ಉಣ್ಣಿ ಔಷಧಿಯನ್ನು ವೈದ್ಯರು ಹೇಳಿದ ಅಳತೆಯಲ್ಲೇ ಬಳಸಿ. ಬೆಳೆಗೆ ಹೊಡೆಯುವ ಕೀಟನಾಶಕವನ್ನು ದನದ ಮೈಗೆ ಹಚ್ಚಬೇಡಿ.

ಮೂರನೆಯದು, ಬೇಸಿಗೆ–ಮಳೆಗಾಲದಲ್ಲಿ ಆಕಳು ಒಂದು ಹೊತ್ತು ಮೇವು ಬಿಟ್ಟರೂ ಹೆಗಲ ಮುಂದಿನ ಗಡ್ಡೆ ಮುಟ್ಟಿ ನೋಡಿ. ಊದಿದ್ದರೆ, ಮೈ ಕಾಯ್ದಿದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ನಾಳೆ ಅಂದರೆ ತಡ.

ನಾಲ್ಕನೆಯದು, ಪಶು ಆಸ್ಪತ್ರೆಗೆ ಹೋದಾಗ ಬಾಯಿ ಬಿಟ್ಟು ಕೇಳಿ: ‘ಥೈಲೇರಿಯಾ ಲಸಿಕೆ ಬೇಕು, ತರಿಸಿಕೊಡ್ತೀರಾ?’ ಒಬ್ಬರು ಕೇಳಿದರೆ ನಕ್ಕು ಕಳಿಸಬಹುದು. ಊರೇ ಕೇಳಿದರೆ ಇಂಡೆಂಟ್ ಹಾಕಲೇಬೇಕಾಗುತ್ತದೆ. ಡೈರಿಯ ಸಭೆಯಲ್ಲಿ ಕೇಳಿ, ಗ್ರಾಮಸಭೆಯಲ್ಲಿ ಕೇಳಿ. ಕೇಳದವರ ಪಾಲಿಗೆ ಸರ್ಕಾರದ ಕಡತ ಎಂದೂ ತೆರೆಯಲ್ಲ.

ಪಶುಸಂಗೋಪನೆ ಇಲಾಖೆಯ ಅಧಿಕಾರಿಗಳಿಗೆ ನನ್ನ ಕೋರಿಕೆ ಒಂದೇ. ಒಂದು ತಾಲೂಕಿನಲ್ಲಿ, ಹುಮನಾಬಾದಿನಲ್ಲೇ ಆಗಲಿ, ಒಂದು ಬೇಸಿಗೆ ಮಾಡಿ ನೋಡಿ. ಲಸಿಕೆ ಹಾಕಿದ ದನ ಎಷ್ಟು, ಹಾಕದ್ದು ಎಷ್ಟು, ಮಿರಗ ಕಳೆದ ಮೇಲೆ ಗೂಟದಲ್ಲಿ ಉಳಿದದ್ದು ಎಷ್ಟು, ಎಣಿಸಿ. ಎಣಿಸಿದ ಲೆಕ್ಕ ಜನರ ಮುಂದಿಡಿ. ಫಲ ಕಂಡರೆ ಮುಂದಿನ ವರ್ಷ ಪಕ್ಕದ ಬಸವಕಲ್ಯಾಣಕ್ಕೆ, ಭಾಲ್ಕಿಗೆ ಹೋಗಿ. ನೀವು ಮಾಡಿದರೆ ನಾನೇ ಬಂದು ಇದೇ ಹೊತ್ತಿಗೆ, ಇಷ್ಟೇ ಸಮಯ ಕೊಟ್ಟು ತೋರಿಸುತ್ತೇನೆ. ಮಾಡದಿದ್ದರೂ ಬಂದು ಕೇಳುತ್ತೇನೆ. ಇದು ಬೆದರಿಕೆ ಅಲ್ಲ, ಒಬ್ಬ ತಾಯಿಗೆ ಕೊಟ್ಟ ಮಾತು.

ಮಾಣಿಕನಗರದಿಂದ ಹೊರಡುವಾಗ ಆ ತಾಯಿಯನ್ನು ಕೇಳಿದೆ, “ಅವ್ವಾ, ಮತ್ತ ಆಕಳ ಕಟ್ತೀರೇನು?”

“ಕಟ್ಟಲಾರದ ಹ್ಯಾಂಗಪ್ಪಾ? ಮಮ್ಮಗಳ ಸಾಲಿ ಅದ. ಈ ಸಲ ಒಂದ ಕರಾ ತರ್ತೀನಿ. ನೀ ಹೇಳಿದ ಸೂಜಿ ಹೆಸರ ಒಂದ ಚೀಟ್ಯಾಗ ಬರದ ಕೊಡು.”

ಬರೆದು ಕೊಟ್ಟು ಬಂದಿದ್ದೇನೆ. ಆ ಚೀಟಿ ಹಿಡಿದು ಅವರು ಆಸ್ಪತ್ರೆಗೆ ಹೋಗುವ ದಿನ ಅಲ್ಲಿ ಲಸಿಕೆ ಇರಬೇಕು. ಇಷ್ಟೇ ನನ್ನ ಆಸೆ.